ಇವತ್ತೇ ಮುಟ್ಟಬೇಕೆಂಬ ಹಟ



ಪಂಚಮಿಗೆ, ಜಾತ್ರೆಗೆ, ಲಗ್ನಕ್ಕೆ ಎಂದು ನೀವು ಗಾಡಿ ತಗೊಂಡು ಊರಿಗೆ ಬಂದರೆ ನಮಗೆ ಅದೇ ಒಂದು ಹಬ್ಬ. ಬಾಗಲಕೋಟೆ–ಕುಡಚಿ ನಡುವೆ 142 ಕಿ.ಮೀ. ರೈಲು ಹಾದಿ ಮಂಜೂರಾಗಿ ವರ್ಷಗಳು ಉರುಳಿದರೂ ಜಮಖಂಡಿಯವರಿಗೆ, ರಬಕವಿ-ಬನಹಟ್ಟಿಯವರಿಗೆ ರಸ್ತೆಯೇ ಗತಿ. ಬೆಂಗಳೂರಿನಿಂದ ಇಲ್ಲಿಗೆ 500 ಕಿ.ಮೀ.ಗೂ ಹೆಚ್ಚು. ಆದರೂ ಬರುವಾಗ ನೀವು ಸರಿಯಾಗಿಯೇ ಬರುತ್ತೀರಿ. ನಸುಕಿನಲ್ಲಿ ಹೊರಟು, ದಾರಿಯಲ್ಲಿ ತಿಂದು, ಹಗಲಿದ್ದಾಗಲೇ ಮನೆ ಮುಂದೆ ಗಾಡಿ ನಿಲ್ಲಿಸುತ್ತೀರಿ. ತ್ರಾಸು ಇರುವುದೆಲ್ಲ ಮರಳಿ ಹೋಗುವ ದಿನ. ಅವತ್ತು ಮೂರು ತಾಸಿನ ಹಾದಿ ಏಳು ತಾಸು ಹಿಡಿಯುತ್ತದೆ, ಒಂದು ಹಗಲಿನ ಹಾದಿ ಮರುದಿನಕ್ಕೆ ಹೊರಳುತ್ತದೆ. ಕಾರಣ ಹೊಳೆ ಇರಬಹುದು, ಕಬ್ಬು ಇರಬಹುದು, ರಸ್ತೆಗೆ ಕುಳಿತ ರೈತರಿರಬಹುದು, ಇಲ್ಲವೇ ನಿಮ್ಮ ಅವ್ವನ ಹೋಳಿಗೆಯೇ ಇರಬಹುದು. ಹಾದಿ ಉದ್ದವಾಗದಂತೆ ತಡೆಯುವುದು ಯಾರ ಕೈಯಲ್ಲೂ ಇಲ್ಲ. ಉದ್ದವಾದ ಹಾದಿಯ ಮೇಲೆ ‘ಏನಾದರಾಗಲಿ, ಇವತ್ತೇ ಮುಟ್ಟಬೇಕು’ ಎಂದು ಹಟ ಹಿಡಿಯುತ್ತೀರಲ್ಲ, ಅದೊಂದನ್ನು ಬಿಡಬಹುದು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದನ್ನು ಹೇಗೆ ಬಿಡಬೇಕೆಂಬ ವಿವರ.

ಮೊದಲು ಹೊರಡುವ ಗಳಿಗೆಯ ಮಾತು. ‘ಹನ್ನೊಂದಕ್ಕ ಬಿಡ್ತೀವಿ’ ಅಂತೀರಿ. ಹನ್ನೊಂದಕ್ಕೆ ಅವ್ವ ಇನ್ನೂ ಒಲೆ ಮುಂದೆ ಹೋಳಿಗೆ ತಿರುವಿಹಾಕುತ್ತಿರುತ್ತಾಳೆ. ಉಂಡು ಕೈತೊಳೆಯುವಾಗ ಒಂದೂವರೆ. ಆಮೇಲೆ ಓಣಿಯ ಕಾಕಾನ ಮನೆಗೆ ಹೋಗಿ ಕಾಲಿಗೆ ಬೀಳಬೇಕು, ಅಲ್ಲಿ ಚಹಾ. ಚಿಗವ್ವನ ಮನೆಯಲ್ಲಿ ಮತ್ತೊಂದು ಚಹಾ. ಬೇಡವೆಂದರೆ ‘ಯಾಕ, ನಮ್ಮ ಮನಿ ಚಾ ಸೇರೂದಿಲ್ಲೇನು?’ ಎಂಬ ಮಾತು ಬರುತ್ತದೆ. ಅಷ್ಟೊತ್ತಿಗೆ ಸೊಸೆಗೆ ಉಡಿ ತುಂಬುವುದು ಯಾರಿಗೋ ನೆನಪಾಗುತ್ತದೆ. ಅಕ್ಕಿ, ಉತ್ತತ್ತಿ, ಅರಿಶಿನದ ಬೇರು, ಕೊಬ್ಬರಿ ಬಟ್ಟಲು ಎಲ್ಲ ಬುಟ್ಟಿಗೆ ಬಂದ ಮೇಲೆ ಖಣ ಎಲ್ಲಿಟ್ಟಿದ್ದೆಂದು ಗೊತ್ತಾಗುವುದಿಲ್ಲ, ಟ್ರಂಕು ತೆಗೆಯಬೇಕು. ಇತ್ತ ಡಿಕ್ಕಿಯಲ್ಲಿ ಜೋಳದ ಚೀಲದ ಪಕ್ಕಕ್ಕೆ ಮಹಾಲಿಂಗಪುರದ ಬೆಲ್ಲದ ಪೆಂಟಿ ಹಿಡಿಸುವುದೋ ಇಲ್ಲವೋ ಎಂದು ಅಪ್ಪ ಎರಡು ಸಲ ಎಲ್ಲ ಇಳಿಸಿ ಏರಿಸಿರುತ್ತಾನೆ. ಗಾಲಿ ಉರುಳುವಾಗ ನಾಲ್ಕು ದಾಟಿರುತ್ತದೆ.

ಇದಕ್ಕೆ ಯಾರ ಮೇಲೂ ಸಿಟ್ಟಾಗಬೇಡಿ. ನೀವು ಬಂದದ್ದೇ ಇದಕ್ಕಾಗಿ. ಕಾಕಾನ ಚಹಾ, ಚಿಗವ್ವನ ಮಾತು, ಉಡಿಯ ಅಕ್ಕಿ ಇವೆಲ್ಲ ಹೊರಡುವುದಕ್ಕೆ ಅಡ್ಡ ಬಂದವೆಂದು ತಿಳಿದರೆ ಊರಿಗೆ ಬಂದು ಮಾಡಿದ್ದೇನು? ಲೆಕ್ಕವನ್ನು ಮೊದಲೇ ಸರಿಮಾಡಿಕೊಳ್ಳಿ. ಓಣಿಯ ಮನೆಗಳನ್ನು ಹಿಂದಿನ ಸಂಜೆಗೇ ಮುಗಿಸಿ. ಉಡಿ ತುಂಬುವುದು ರಾತ್ರಿ ಊಟವಾದ ಮೇಲೆ ಆಗಿಬಿಡಲಿ. ಹೋಳಿಗೆ ಊಟ ಹಿಂದಿನ ದಿನಕ್ಕಿರಲಿ. ಹೊರಡುವ ದಿನ ಬೆಳಿಗ್ಗೆ ಆರಕ್ಕೆ ಚಹಾ ಕುಡಿದು ಗಾಡಿ ಬಿಡಿ. ಅದು ಆಗಲಿಲ್ಲ, ಮಾತಿಗೆ ಮಾತು ಬೆಳೆದು ಮೂರೋ ನಾಲ್ಕೋ ಆಯಿತು ಎನ್ನಿ, ಅವತ್ತು ಉಳಿದುಬಿಡಿ. ನಾಲ್ಕಕ್ಕೆ ಹೊರಟವನಿಗೆ ಕತ್ತಲಾಗುವುದು ಹಾದಿಯ ಅತಿ ಕೆಟ್ಟ ಭಾಗದಲ್ಲೇ.

ಇನ್ನೊಂದು ಚಿಕ್ಕ ಮಾತು. ಅವ್ವ ಕಟ್ಟಿಕೊಟ್ಟ ಬುತ್ತಿ ಡಿಕ್ಕಿಗೆ ಹೋಗಬಾರದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ, ನೀರಿನ ಬಾಟಲಿ, ಅಪ್ಪನ ಸಕ್ಕರೆ ಕಾಯಿಲೆಯ ಗುಳಿಗೆ, ಮಗುವಿನ ಒಂದು ಜೊತೆ ಬಟ್ಟೆ ಇವು ಕಾಲಬುಡದಲ್ಲಿರಲಿ. ಸೇತುವೆಯ ಮುಂದೆ ಗಾಡಿಗಳ ಸಾಲಿನಲ್ಲಿ ಸಿಕ್ಕಿಬಿದ್ದಾಗ ಜೋಳದ ಚೀಲ ಇಳಿಸಿ ರೊಟ್ಟಿ ಹುಡುಕಲಾಗುವುದಿಲ್ಲ. ಗಟ್ಟಿ ರೊಟ್ಟಿ ಕೆಡುವುದಿಲ್ಲ, ಚೆಲ್ಲುವುದಿಲ್ಲ, ಬಿಸಿಮಾಡಬೇಕಿಲ್ಲ. ನಮ್ಮ ಹಿರಿಯರು ಅದನ್ನು ಹಾದಿಗೆ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

ಎರಡನೆಯದು ಹೊಳೆ. ನಮ್ಮ ಸೀಮೆಯ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಘಟಪ್ರಭೆ. ಎರಡೂ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ನಡುವೆ ನಮ್ಮ ಊರುಗಳು. ಉತ್ತರಕ್ಕೆ ಹೋದರೂ ಹೊಳೆ ದಾಟಬೇಕು, ದಕ್ಷಿಣಕ್ಕೆ ಹೋದರೂ ಹೊಳೆ ದಾಟಬೇಕು. ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿ ಬೀಳುವುದು ಶ್ರಾವಣದಲ್ಲಿ. ಸಹ್ಯಾದ್ರಿಯಲ್ಲಿ ಮಳೆ ಸುರಿಯುವುದೂ ಆಗಲೇ. ನಮ್ಮ ಬಾಗಲಕೋಟೆ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಅದು 5,000 ಮಿ.ಮೀ. ದಾಟುತ್ತದೆ. ಆದ್ದರಿಂದ ನಮ್ಮಲ್ಲಿ ಹೊಳೆ ಬರುವುದಕ್ಕೂ ನಮ್ಮ ತಲೆಯ ಮೇಲಿನ ಮುಗಿಲಿಗೂ ಸಂಬಂಧವೇ ಇಲ್ಲ. ಮೇಲೆ ಬಿಸಿಲು, ಹೊಲದಲ್ಲಿ ಧೂಳು, ಸೇತುವೆಯ ಮೇಲೆ ಎದೆಮಟ್ಟ ನೀರು, ಇಂಥ ದಿನಗಳನ್ನು ನಾವು ಕಂಡಿದ್ದೇವೆ. ‘ಮಳಿನ ಇಲ್ಲ, ಹೊಳಿ ಎಲ್ಲಿಂದ ಬರ್ತೈತಿ?’ ಎಂದು ಕೇಳುವವರು ಹೊರಗಿನವರು. ನೀವು ಹಾಗೆ ಕೇಳಬಾರದು. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಹಿಡಕಲ್ ಅಣೆಕಟ್ಟಿನಿಂದ ಎಷ್ಟು ಬಿಟ್ಟರು ಎಂದು ಹೊರಡುವ ಎರಡು ದಿನ ಮೊದಲೇ ಪೇಪರಿನಲ್ಲಿ ನೋಡಿ. ಅಲ್ಲಿ ಬಿಟ್ಟ ನೀರು ಇಲ್ಲಿಗೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತೇ ನಿಮಗಿರುವ ಸವಡು.

2019ರಲ್ಲಿ ನಾಗರ ಪಂಚಮಿ ಬಂದದ್ದು ಆಗಸ್ಟ್ 5ಕ್ಕೆ. ಅದೇ ವಾರ ಎರಡೂ ಹೊಳೆ ಒಟ್ಟಿಗೆ ಉಕ್ಕಿದವು. ಆಲಮಟ್ಟಿ ಅಣೆಕಟ್ಟಿನಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ; ಲೆಕ್ಕ ಹಾಕಿದರೆ ಸೆಕೆಂಡಿಗೆ 1.4 ಕೋಟಿ ಲೀಟರ್. ಮುಧೋಳದ ಓಣಿಗಳಿಗೆ ಘಟಪ್ರಭೆ ನುಗ್ಗಿತು. ಯಾದವಾಡ ಸೇತುವೆ ಮುಳುಗಿತು. ಜಮಖಂಡಿ ತಾಲ್ಲೂಕಿನ ಹೊಳೆಸಾಲಿನ ಊರುಗಳಲ್ಲಿ ಜನ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಬಂದರು. ಅತ್ತ ಕೊಲ್ಹಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಯಿತು. ಜೋಕಾಲಿ ಆಡಿ, ಉಂಡಿ ತಿಂದು ಎರಡು ದಿನಕ್ಕೆ ಮರಳುತ್ತೇವೆಂದು ಬಂದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ತವರಿನಲ್ಲೇ ಉಳಿದರು. ಹೊರಟವರು ಸೇತುವೆಯಿಂದ ಸೇತುವೆಗೆ ಸುತ್ತಿದರು. ನೀರು ಕಂಡು ಹಿಂದಿರುಗಿದವರಿಗೆ ಹೋದದ್ದು ಒಂದಷ್ಟು ಪೆಟ್ರೋಲು, ಒಂದೆರಡು ದಿನದ ರಜೆ. ಅದು ನಷ್ಟವೆಂದು ನಾನು ಎಣಿಸುವುದಿಲ್ಲ.

ಸುತ್ತುಹಾದಿ ನಮ್ಮಲ್ಲಿ ಇದ್ದೇ ಇರುತ್ತದೆ. ಚಿಕ್ಕಪಡಸಲಗಿಯ ಹತ್ತಿರ ಹೊಳೆ ಹಾದಿ ತಡೆದರೆ ಜಮಖಂಡಿಯಿಂದ ವಿಜಯಪುರಕ್ಕೆ ಹೋಗುವವರು ಬೀಳಗಿ ಕಡೆ ಇಳಿದು ಕೊರ್ತಿ–ಕೊಲ್ಹಾರ ಸೇತುವೆ ಹಿಡಿಯುತ್ತಾರೆ. ಹಾದಿ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಆಗಲಿ. ಆ ಸೇತುವೆಯೇ ಸುಮಾರು 3 ಕಿ.ಮೀ. ಉದ್ದ, ಕೆಳಗೆ ಆಲಮಟ್ಟಿಯ ಹಿನ್ನೀರು ಸಮುದ್ರದ ಹಾಗೆ ಹರಡಿರುತ್ತದೆ. ಮಕ್ಕಳಿಗೆ ತೋರಿಸಿ. ಈ ನೀರಿನಡಿ ನಮ್ಮವರ ಹೊಲ, ಮನೆ, ಗುಡಿ ಎಲ್ಲ ಇದ್ದವು, ಅವರು ಎದ್ದು ಹೊಸ ಊರು ಕಟ್ಟಿಕೊಂಡರು ಎಂದು ಹೇಳಿ. ಬೀಳಗಿ ಕಡೆಯ ನೆಂಟರು ಯಾಕೆ ತಮ್ಮ ಊರಿನ ಹೆಸರಿನ ಹಿಂದೆ ‘ಹಳೇದು’ ‘ಹೊಸಾದು’ ಎಂದು ಸೇರಿಸುತ್ತಾರೆಂಬುದು ಆ ಮಕ್ಕಳಿಗೆ ಅವತ್ತೇ ತಿಳಿಯುತ್ತದೆ.

ನೀರಿನ ಮುಂದೆ ಹಟ ಬೇಡವೇ ಬೇಡ. ‘ಟ್ರ್ಯಾಕ್ಟರ್ ಹೋತಲ್ಲ, ನಾವೂ ಹೋಗೂಣು’ ಎಂದು ಹಿಂದಿನ ಸೀಟಿನಿಂದ ಒಬ್ಬ ಹೇಳೇ ಹೇಳುತ್ತಾನೆ. ಟ್ರ್ಯಾಕ್ಟರಿನ ಗಾಲಿ ಆಳೆತ್ತರ. ನಿಮ್ಮ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣು. ಹರಿಯುವ ನೀರು ಅರ್ಧ ಅಡಿ ಇದ್ದರೆ ನಿಂತ ಮನುಷ್ಯನ ಕಾಲು ಕೀಳುತ್ತದೆ, ಒಂದಡಿ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ, ಎರಡಡಿ ಇದ್ದರೆ ದೊಡ್ಡ ಗಾಡಿಯನ್ನೂ ಎಳೆದೊಯ್ಯುತ್ತದೆ. ಕೆಂಪು ನೀರಿನಡಿ ಡಾಂಬರು ಇದೆಯೋ ಕಿತ್ತುಹೋಗಿದೆಯೋ, ಸೇತುವೆಯ ಅಂಚು ಎಲ್ಲಿ ಮುಗಿಯಿತೋ ಮೇಲಿನಿಂದ ಕಾಣುವುದಿಲ್ಲ. ಪೊಲೀಸಿನವರು ಬ್ಯಾರಿಕೇಡ್ ಇಟ್ಟಿದ್ದರೆ ಪಕ್ಕದ ಸಂದಿ ಹುಡುಕಬೇಡಿ. ಇಡದಿದ್ದರೆ ನೀವೇ ಬ್ಯಾರಿಕೇಡ್ ಆಗಿ ನಿಂತು ಹಿಂದಿನವರಿಗೆ ಹೇಳಿ.

ಹಾದಿ ಕೇಳುವುದನ್ನು ನೀವು ಬಿಟ್ಟುಬಿಟ್ಟಿದ್ದೀರಿ. ಫೋನಿನ ನಕಾಶೆ ಒಳ್ಳೆಯದೇ, ನಾನೂ ನೋಡುತ್ತೇನೆ. ಆದರೆ ಅದು ಬ್ಯಾರೇಜಿನ ಮೇಲಿನ ಇಕ್ಕಟ್ಟು ಹಾದಿಯನ್ನೂ ಹೆದ್ದಾರಿಯನ್ನೂ ಒಂದೇ ಬಣ್ಣದಲ್ಲಿ ತೋರಿಸಿಬಿಡುತ್ತದೆ. ಹತ್ತು ನಿಮಿಷ ಉಳಿಯುತ್ತದೆಂದು ಹೊಲದ ನಡುವಿನ ದಾರಿಗೆ ಇಳಿಸುತ್ತದೆ. ಆ ದಾರಿಯ ಮಗ್ಗುಲು ಎರೆಮಣ್ಣು. ಒಣಗಿದ್ದಾಗ ಕಲ್ಲು, ತೊಯ್ದರೆ ಬೆಣ್ಣೆ. ಎದುರಿನ ಗಾಡಿಗೆ ದಾರಿ ಕೊಡಲು ಎಡಗಡೆ ಎರಡು ಗಾಲಿ ಇಳಿಸಿದಿರೋ, ಎತ್ತು ಕಟ್ಟಿ ಎಳೆಸಬೇಕು. ಆದ್ದರಿಂದ ಲೋಕಾಪುರ, ಗದ್ದನಕೇರಿ ಕ್ರಾಸು, ಬೀಳಗಿ ಕ್ರಾಸಿನಂಥ ಕಡೆ ಗಾಡಿ ನಿಲ್ಲಿಸಿ ಚಹಾದಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ಅಂಗಡಿಯವನಿಗಿಂತಲೂ ಆ ಕಡೆಯಿಂದ ಈಗಷ್ಟೇ ಬಂದ ಬಸ್ಸಿನ ಡ್ರೈವರನನ್ನು ಕೇಳಿ: ‘ಆ ಕಡೆ ಹಾದಿ ಹೆಂಗೈತ್ರಿ?’ ಅವನ ಗಾಲಿಗೆ ಮೆತ್ತಿದ ಕೆಸರೇ ಅರ್ಧ ಉತ್ತರ ಹೇಳುತ್ತದೆ. ‘ಹೋಗಬ್ಯಾಡ್ರಿ’ ಎಂದು ಅವನಂದರೆ ಎರಡನೆಯ ಮಾತು ಬೇಡ. ದಿನಾ ಅದೇ ಹಾದಿ ತುಳಿಯುವವನಿಗೆ ನಿಮ್ಮನ್ನು ಹೆದರಿಸಿ ಆಗಬೇಕಾದ್ದೇನಿಲ್ಲ.

ಮೂರನೆಯದು ಕಬ್ಬು. ದೀಪಾವಳಿ ಮುಗಿದು ಕಾರ್ಖಾನೆಗಳು ನುರಿಸಲು ಹಿಡಿದವೆಂದರೆ ಬೇಸಿಗೆ ಕಾಲಿಡುವವರೆಗೂ ನಮ್ಮ ರಸ್ತೆಗಳು ಕಬ್ಬಿನವು. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಉತ್ತೂರು, ಬಾಡಗಂಡಿ, ಎತ್ತ ನೋಡಿದರೂ ಚಿಮಣಿ. ರಾತ್ರಿಯಿಡೀ ಟ್ರ್ಯಾಕ್ಟರುಗಳ ಸಾಲು, ಒಂದೊಂದರ ಹಿಂದೆ ಎರಡೆರಡು ಟ್ರೇಲರ್. ಅಳತೆ ಮೀರಿ ಹೇರಿದ ಕಬ್ಬಿನ ತುದಿಗಳು ಎರಡೂ ಕಡೆ ರಸ್ತೆಗೆ ಚಾಚಿರುತ್ತವೆ. ಹಿಂದಿನ ದೀಪ ಇದ್ದರೆ ಪುಣ್ಯ. ಇದ್ದರೂ ಅದರ ಮೇಲೆ ಧೂಳು, ಗರಿ. ಡ್ರೈವರ್ ಹಚ್ಚಿದ ಹಾಡಿನ ಅಬ್ಬರಕ್ಕೆ ನಿಮ್ಮ ಹಾರ್ನು ಅವನ ಕಿವಿಗೆ ಬೀಳುವುದಿಲ್ಲ. ಅವನೂ ನಿದ್ದೆಗೆಟ್ಟ ಹುಡುಗ. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಕಾದು ಕಾದು, ಖಾಲಿ ಮಾಡಿ, ಮತ್ತೆ ಹೊಲಕ್ಕೆ ಹೊರಟಿರುತ್ತಾನೆ.

ಟ್ರ್ಯಾಕ್ಟರ್ ನಡುರಸ್ತೆಯಲ್ಲಿ ಕೆಟ್ಟು ನಿಂತಾಗ ಏನು ಮಾಡುತ್ತಾರೆ ಗೊತ್ತೇ? ಟ್ರೇಲರಿನ ಗಾಲಿಗೆ ಕಲ್ಲು ಕೊಡುತ್ತಾರೆ, ಹಿಂದೆ ನಾಲ್ಕು ಮಾರು ದೂರಕ್ಕೆ ಇನ್ನೆರಡು ಕಲ್ಲು, ಒಂದು ಜಾಲಿ ಟೊಂಗೆ ಇಡುತ್ತಾರೆ. ಅಪಾಯದ ಗುರುತು ಅಷ್ಟೇ. ಗಾಡಿ ರಿಪೇರಿಯಾಗಿ ಹೋದ ಮೇಲೂ ಆ ಕಲ್ಲುಗಳು ಡಾಂಬರಿನ ಮೇಲೆಯೇ ಉಳಿಯುತ್ತವೆ. ಬೈಕಿನವನಿಗೆ ಆ ಒಂದು ಕಲ್ಲು ಸಾಕು. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಎದುರಿನ ಗಾಡಿಗೆಂದು ಲೈಟು ಇಳಿಸಿದಾಗ ನಿಮಗೆ ಮುಂದಿನ ರಸ್ತೆ ಕಾಣುವುದು ಅಷ್ಟಿಷ್ಟು ಮೀಟರು. ಟೊಂಗೆ ಕಂಡು, ಅದು ಟೊಂಗೆಯೆಂದು ತಿಳಿದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಬ್ಬಿನ ತುದಿ ಗಾಜಿನೊಳಗೆ ಬಂದಿರುತ್ತದೆ. ಆದ್ದರಿಂದ ನುರಿಸುವ ಹಂಗಾಮಿನಲ್ಲಿ ಕತ್ತಲಾದ ಮೇಲೆ ನಮ್ಮ ಸೀಮೆಯಲ್ಲಿ ಗಾಡಿ ಓಡಿಸಬೇಡಿ. ಓಡಿಸಲೇಬೇಕಾದರೆ ಐವತ್ತರ ಮೇಲೆ ಬೇಡ. ಟ್ರೇಲರಿನ ಬೆನ್ನಿಗೆ ಅಂಟಿಕೊಳ್ಳಬೇಡಿ, ಏರಿನಲ್ಲಂತೂ ದೂರವೇ ಇರಿ. ಒಂದನ್ನು ದಾಟಿದರೆ ಮುಂದೆ ಇನ್ನೊಂದು ಇದ್ದೇ ಇರುತ್ತದೆ; ಹತ್ತನ್ನು ದಾಟಿ ನೀವು ಗಳಿಸುವುದು ಕಾಲು ತಾಸು.

ನಾಲ್ಕನೆಯದು ರಸ್ತೆ ತಡೆ. 2025ರ ನವೆಂಬರ್ ಮೊದಲ ವಾರ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಲೆಗಾಗಿ ರೈತರು ಹಗಲು ರಾತ್ರಿ ಕುಳಿತಿದ್ದರು. ಟನ್ನಿಗೆ 3,300 ರೂಪಾಯಿ ಎಂದು ಸರ್ಕಾರ ಘೋಷಿಸಿದ ಮೇಲೂ 3,500 ಬೇಕೆಂದು ಮುಧೋಳ ಭಾಗದಲ್ಲಿ ಹೋರಾಟ ಮುಂದುವರಿಯಿತು. ಅಂಥ ದಿನ ನಡುವೆ ಸಿಕ್ಕಿಕೊಂಡರೆ ಹಾರ್ನು ಹೊಡೆಯಬೇಡಿ, ಗಾಜು ಇಳಿಸಿ ‘ನಾವೇನು ಮಾಡೇವಿ?’ ಎಂದು ಜಗಳ ತೆಗೆಯಬೇಡಿ. ಅಲ್ಲಿ ಕುಳಿತವರಲ್ಲಿ ನಿಮ್ಮ ಮಾಮಾ ಇರಬಹುದು. ನಿಮ್ಮ ಕಾಲೇಜಿನ ಫೀ ಕಟ್ಟಿದ್ದು ಕಬ್ಬಿನ ಬಿಲ್ಲಿನಿಂದ. ಆ ಬಿಲ್ಲು ತಡವಾದ ವರ್ಷ ಮನೆಯಲ್ಲಿ ಏನಾಗಿತ್ತೆಂದು ಅಪ್ಪನನ್ನು ಕೇಳಿ. ಗಾಡಿ ಮಗ್ಗುಲಿಗೆ ಹಚ್ಚಿ ಇಳಿಯಿರಿ, ಮಾತಾಡಿಸಿ. ವಯಸ್ಸಾದವರು, ಕೂಸು, ಬಸುರಿ ಹೆಂಗಸು ಗಾಡಿಯಲ್ಲಿದ್ದರೆ ಮೆತ್ತಗೆ ಹೇಳಿ. ನಮ್ಮ ಮಂದಿ ದಾರಿ ಮಾಡಿಕೊಡುತ್ತಾರೆ. ಗದರಿದವನಿಗೆ ಮಾತ್ರ ಕೊಡುವುದಿಲ್ಲ.

ಐದನೆಯದು ನಿದ್ದೆ. ಹೊಳೆಗೂ ಕಬ್ಬಿಗೂ ನೀವು ಹೆದರುತ್ತೀರಿ, ನಿದ್ದೆಗೆ ಹೆದರುವುದಿಲ್ಲ. ಬಂಧುಗಳ ಮನೆಯಲ್ಲಿ ಎರಡು ರಾತ್ರಿ ಸರಿಯಾಗಿ ಮಲಗಿರುವುದಿಲ್ಲ. ನಡುರಾತ್ರಿಯವರೆಗೆ ಮಾತು, ನಸುಕಿಗೆ ದೇವರ ಗಂಟೆ. ಮೇಲೆ ತುಪ್ಪ ಸುರಿದ ಹೋಳಿಗೆ. ಮಧ್ಯಾಹ್ನ ಎರಡರಿಂದ ನಾಲ್ಕು, ನಸುಕಿನ ಎರಡರಿಂದ ಐದು ಇವೆರಡು ಹೊತ್ತು ಕಣ್ಣು ತಾನಾಗಿ ಮುಚ್ಚುತ್ತದೆ. ಚಹಾ ಕುಡಿದರೆ, ಗಾಜು ಇಳಿಸಿದರೆ, ಹಾಡು ಜೋರು ಮಾಡಿದರೆ ನಿದ್ದೆ ಹೋಗುವುದಿಲ್ಲ, ಒಂದಿಷ್ಟು ಮುಂದಕ್ಕೆ ಹೋಗುತ್ತದೆ. ನಿದ್ದೆಗೆ ಮದ್ದು ನಿದ್ದೆಯೊಂದೇ. ಪೆಟ್ರೋಲ್ ಬಂಕಿನ ದೀಪದಡಿ ಗಾಡಿ ಹಚ್ಚಿ ಇಪ್ಪತ್ತು ನಿಮಿಷ ಒರಗಿ.

ಮನೆ ಹತ್ತಿರ ಬಂದಾಗ ಇನ್ನಷ್ಟು ಎಚ್ಚರ ಬೇಕು. ಜಮಖಂಡಿಯ ಸಿದ್ದು ನ್ಯಾಮಗೌಡರ ಹೆಸರು ನಿಮಗೆ ಗೊತ್ತಿರಬೇಕು. ಸರ್ಕಾರಕ್ಕೆ ಕಾದು ಕೂಡದೆ ಹೊಳೆಸಾಲಿನ ರೈತರನ್ನು ಕೂಡಿಸಿ, ದುಡ್ಡೂ ದುಡಿಮೆಯೂ ಅವರದೇ ಹಾಕಿಸಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದವರು. ಆ ನೀರಿಗೆ ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು, ಅವರಿಗೆ ‘ಬ್ಯಾರೇಜ್ ಸಿದ್ದು’ ಎಂದು ಹೆಸರಾಯಿತು. ಜಮಖಂಡಿಯ ಶಾಸಕರಾಗಿ ಮತ್ತೆ ಗೆದ್ದ ಕೆಲವೇ ದಿನಗಳಿಗೆ, 2018ರ ಮೇ 28ರಂದು, ದೂರದ ಪ್ರಯಾಣ ಮುಗಿಸಿ ಊರಿಗೆ ಮರಳುವಾಗ ತುಳಸಿಗೇರಿ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಸಾವಿನಲ್ಲಿ ಯಾರ ತಪ್ಪೆಂದು ಹುಡುಕಲು ಈ ಮಾತು ಹೇಳುತ್ತಿಲ್ಲ. ಹೊಳೆಯನ್ನೇ ತಡೆದು ನಿಲ್ಲಿಸಿದ ಹಿರಿಯರೂ ರಸ್ತೆಯ ಮುಂದೆ ನಮ್ಮ ನಿಮ್ಮ ಹಾಗೆಯೇ ಎಂಬುದು ನೆನಪಿರಲಿ ಎಂದು ಹೇಳುತ್ತಿದ್ದೇನೆ. ಸಾವಿರ ಮೈಲು ದಾಟಿ ಬಂದವರಿಗೂ ಕಡೆಯ ಒಂದು ತಾಸು ಅಷ್ಟೇ ದೊಡ್ಡದು.

ಗಾಡಿಯಲ್ಲಿ ಹೆಂಗಸರಿದ್ದರೆ ಅವರ ತ್ರಾಸು ಬೇರೆ. ನಮ್ಮ ರಸ್ತೆಗಳಲ್ಲಿ ಮರ್ಯಾದೆಯ ಶೌಚಾಲಯ ಸಿಗುವುದು ಅಪರೂಪ. ಅದಕ್ಕಾಗಿ ನೀರೇ ಕುಡಿಯದೆ ಕೂಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಗಂಡಸರು ಕೇಳಬೇಕು. ಎರಡು ತಾಸಿಗೊಮ್ಮೆ ಬಂಕಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಪರಿಚಯದ ಮನೆಯಲ್ಲೋ ನಿಲ್ಲಿಸಿ. ‘ಈಗ ತಾನೇ ನಿಲ್ಲಿಸಿದ್ದೆ’ ಎಂಬ ಮಾತು ಬೇಡ.

ಇನ್ನು ಗಾಡಿಯೊಳಗಿನ ಮಾತು. ನನ್ನ ಅನುಭವದಲ್ಲಿ ಹಾದಿಯನ್ನು ಅತಿ ಉದ್ದ ಮಾಡುವುದು ಇದೇ. ಊರ ಕಮಾನು ದಾಟುವುದೇ ತಡ, ಶುರುವಾಗುತ್ತದೆ: ‘ನಿಮ್ಮ ಅಣ್ಣ ಹೊಲದ ಸುದ್ದಿ ಯಾಕ ತೆಗೆದ?’ ‘ನಿಮ್ಮವ್ವ ನನ್ನ ಸೀರಿ ನೋಡಿ ಹಂಗ್ಯಾಕ ಅಂದ್ಲು?’ ‘ಅವರ ಮಗಳಿಗೆ ಕೊಟ್ಟದ್ದೆಷ್ಟು, ನಮ್ಮ ಮಗಳಿಗೆ ಕೊಟ್ಟದ್ದೆಷ್ಟು?’ ಎದುರಿಗೆ ಟ್ರೇಲರ್, ಮಗ್ಗುಲಿಗೆ ಈ ಪಂಚಾಯಿತಿ. ಸ್ಟೇರಿಂಗ್ ಹಿಡಿದವನ ಸಿಟ್ಟು ಕಾಲಿಗಿಳಿಯುತ್ತದೆ, ಗಾಡಿಯ ವೇಗ ಏರುತ್ತದೆ. ಹಿಂದೆ ಕೂತ ಮಕ್ಕಳು ಮಲಗಿದಂತೆ ಕಂಡರೂ ಮಲಗಿರುವುದಿಲ್ಲ. ಅಜ್ಜಿಯ ಮನೆಯ ಬಗ್ಗೆ ಅವರು ಜೀವನವಿಡೀ ಇಟ್ಟುಕೊಳ್ಳುವ ಅಭಿಪ್ರಾಯ ರೂಪುಗೊಳ್ಳುವುದು ಆ ಕತ್ತಲಲ್ಲಿ. ಹಿಸೆ, ಬಂಗಾರ, ಉಡುಗೊರೆ, ಯಾರು ಯಾರಿಗೆ ಏನಂದರು ಎಂಬ ನಾಲ್ಕು ವಿಷಯಗಳನ್ನು ಗಾಡಿಯಲ್ಲಿ ತೆಗೆಯುವುದಿಲ್ಲವೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಳ್ಳಿ. ಮನೆ ಮುಟ್ಟಿ, ಮಲಗಿ ಎದ್ದ ಮೇಲೆ ಆಡಿ. ಅರ್ಧಕ್ಕರ್ಧ ಮಾತು ಆಡಬೇಕೆಂದೇ ಅನ್ನಿಸುವುದಿಲ್ಲ.

ಹಾಗೆಂದು ಮೂಕರಾಗಿ ಕೂಡಬೇಡಿ. ಗಾಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಎಲ್ಲರೂ ಮುಂದೆ ನೋಡುತ್ತಿರುತ್ತಾರೆ. ಮನೆಯಲ್ಲಿ ಬಾಯಿಗೆ ಬಾರದ ಮಾತು ಅಲ್ಲಿ ಬರುತ್ತದೆ. ಅಪ್ಪ ಜೊತೆಗಿದ್ದರೆ ಅವನನ್ನು ಮುಂದಿನ ಸೀಟಿಗೆ ಕೂಡಿಸಿ. ಮಾಚಕನೂರಿನ ಕಡೆ ಕೈ ತೋರಿಸಿ, ಹೊಳೆಬಸವಣ್ಣನ ಗುಡಿಗೆ ನೀರು ಹೊಕ್ಕ ವರ್ಷಗಳನ್ನು ಹೇಳುತ್ತಾನೆ. ಕಲಾದಗಿ ಬಂದಾಗ ಇದು ಇಂಗ್ಲಿಷರ ಕಾಲದಲ್ಲಿ ಜಿಲ್ಲಾ ಠಾಣೆಯಾಗಿತ್ತು, 1885ರಲ್ಲಿ ಅದು ವಿಜಾಪುರಕ್ಕೆ ಹೋಯಿತು ಎನ್ನುತ್ತಾನೆ. ಆಮೇಲೆ, ಯಾರೂ ಕೇಳದೆಯೇ, ಮಗ್ಗ ಮಾರಿದ ವರ್ಷದ ಸಂಗತಿಯೋ, ತನ್ನ ಎದೆನೋವಿನ ಸಂಗತಿಯೋ, ಇಷ್ಟು ದಿನ ಬಚ್ಚಿಟ್ಟ ಸಾಲದ ಸಂಗತಿಯೋ ಹೊರಬರುತ್ತದೆ. ಮನೆಯಲ್ಲಿ ಮಂದಿ ತುಂಬಿದ್ದಾಗ ಅದನ್ನು ಹೇಳಲು ಅವನಿಗೆ ಸಂದು ಸಿಕ್ಕಿರಲಿಲ್ಲ. ಹಾದಿ ಉದ್ದವಾದದ್ದಕ್ಕೆ ಸಿಕ್ಕಿತು. ಆಗ ಫೋನು ನೋಡಬೇಡಿ.

ಫೋನೆಂದರೆ ನೆನಪಾಯಿತು. ಹೊರಟ ಮನೆಗೂ ಮುಟ್ಟುವ ಮನೆಗೂ ಸುದ್ದಿ ಹೇಳುವ ಕೆಲಸ ಒಬ್ಬರಿಗೇ ಒಪ್ಪಿಸಿ, ಡ್ರೈವಿಂಗ್ ಮಾಡುವವನಿಗಲ್ಲ. ‘ಸುತ್ತು ಹಾಕಿ ಹೊಂಟೇವಿ, ಇಂಥ ಊರು ದಾಟೇವಿ, ಚಿಂತಿ ಮಾಡಬ್ಯಾಡ್ರಿ’, ಇಷ್ಟು ಸಾಕು. ಎಷ್ಟು ಗಂಟೆಗೆ ಮುಟ್ಟುತ್ತೇವೆಂದು ಮಾತ್ರ ಹೇಳಬೇಡಿ. ಹೇಳಿದ ಗಂಟೆ ದಾಟಿದ ಕ್ಷಣದಿಂದ ಅವ್ವ ಬಾಗಿಲಲ್ಲಿ ಕೂಡುತ್ತಾಳೆ. ಅದು ನಿಮಗೂ ಗೊತ್ತಿರುವುದರಿಂದ ನೀವು ಗಾಡಿ ಜೋರಾಗಿ ಓಡಿಸತೊಡಗುತ್ತೀರಿ. ನಿಮ್ಮ ಹಟದ ಬೇರು ಎಷ್ಟೋ ಸಲ ಆ ಒಂದು ಮಾತಿನಲ್ಲಿರುತ್ತದೆ. ಮನೆಯಲ್ಲಿರುವ ನನ್ನ ವಯಸ್ಸಿನವರಿಗೂ ಒಂದು ಮಾತು: ಹತ್ತು ನಿಮಿಷಕ್ಕೊಮ್ಮೆ ‘ಎಲ್ಲಿದ್ದೀರಿ?’ ಎಂದು ಕೇಳಬೇಡಿ. ನೀವು ಕೇಳಿದರೆ ಹಾದಿ ಗಿಡ್ಡ ಆಗುವುದಿಲ್ಲ.

ಕೊನೆಗೆ ಉಳಿದದ್ದು ವಸ್ತಿಯ ಮಾತು. ಸೇತುವೆಗಳಿಲ್ಲದ ಕಾಲದಲ್ಲಿ ರಬಕವಿಯ ದಂಡೆಗೆ ಬಂದು ಮಹಿಷವಾಡಗಿ ಕಡೆಗೆ ದೋಣಿ ಕಾಯುವವರು, ಹೊಳೆ ಜೋರಿದ್ದರೆ ಯಾರದಾದರೂ ಮನೆಯ ಕಟ್ಟೆಯ ಮೇಲೆ ಮಲಗಿ ಮುಂಜಾನೆ ಹೊರಡುತ್ತಿದ್ದರು. ಬಸ್ಸುಗಳು ಬಂದ ಮೇಲೂ ಕಡೆಯ ಬಸ್ಸು ತಪ್ಪಿದರೆ ನಡುವಿನ ಊರಿನಲ್ಲಿ ವಸ್ತಿ. ಹಾಗೆ ಬಂದವರಿಗೆ ‘ಯಾಕ ಬಂದ್ರಿ?’ ಎಂದು ಕೇಳುತ್ತಿರಲಿಲ್ಲ, ‘ಕೈಕಾಲು ತೊಳಕೊಳ್ರಿ’ ಎನ್ನುತ್ತಿದ್ದರು. ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಡುತ್ತಿದ್ದರು. ಬೀಗರ ಬೀಗರು, ಗೆಳೆಯನ ಅತ್ತೆಯ ಊರಿನವರು, ಅಷ್ಟು ಸಂಬಂಧ ಸಾಕಾಗಿತ್ತು. ಹಾಗೆ ಒಂದು ರಾತ್ರಿಗೆಂದು ಬಂದವರ ಮನೆಗೆ ಮುಂದೆ ಹೆಣ್ಣು ಕೊಟ್ಟು ತಂದದ್ದೂ ಉಂಟು.

ಕಾರು ಬಂದ ಮೇಲೆ ನೀವು ನಡುವಿನ ಊರುಗಳನ್ನು ಮರೆತಿರಿ. ಮುಧೋಳದಲ್ಲಿ ಸೋದರತ್ತೆ ಇದ್ದಾಳೆ, ಲೋಕಾಪುರದಲ್ಲಿ ನಿಮ್ಮ ಜೊತೆ ಓದಿದವನಿದ್ದಾನೆ, ಬಾಗಲಕೋಟೆಯ ನವನಗರದಲ್ಲಿ ಕಾಕಾನ ಮಗನಿದ್ದಾನೆ. ರಾತ್ರಿ ಒಂಬತ್ತಕ್ಕೆ ಅವರ ಊರನ್ನೇ ಹಾದುಹೋಗುತ್ತೀರಿ, ಕಣ್ಣು ಎಳೆಯುತ್ತಿರುತ್ತದೆ, ಆದರೂ ಫೋನು ಮಾಡಲು ಸಂಕೋಚ. ‘ಇಷ್ಟೊತ್ತಿಗೆ ಹೆಂಗ ಹೋಗೂದು, ಏನಂತಾರೋ’ ಎನ್ನುತ್ತೀರಿ. ಸಂಕೋಚ ಬಿಡಿ. ಅನ್ನ ಸಾರು ಇಲ್ಲದಿದ್ದರೆ ನಿಮ್ಮ ಬುತ್ತಿ ಇದೆ, ಹಂಚಿ ಉಣ್ಣಿ. ಅತ್ತೆ ಕರೆದರೂ ನೀವು ಅವಳ ಮನೆಗೆ ಹೋಗದೆ ಎಷ್ಟು ವರ್ಷವಾಯಿತೋ. ಹೊಳೆಯ ನೆಪದಲ್ಲಾದರೂ ಹೋದ ಹಾಗಾಗುತ್ತದೆ. ಮರುದಿನ ಆಫೀಸಿಗೆ ಒಂದು ಸಂದೇಶ ಕಳಿಸಿ: ಹಾದಿ ಬಂದ್ ಆಗಿದೆ, ನಾಳೆ ಬರುತ್ತೇನೆ. ಊರಿಗೆ ಬರುವಾಗಲೇ ಮರಳಿದ ಮರುದಿನದ ರಜೆಯನ್ನೂ ಸೇರಿಸಿ ಹಾಕಿದರೆ ಇನ್ನೂ ಲೇಸು. ಹಟ ಮಾಡುವ ಕಾರಣವೇ ಇಲ್ಲವಾಗುತ್ತದೆ.

ಆದರೆ ವಸ್ತಿ ಇದ್ದವರ ಮೇಲೆ ಒಂದು ಋಣವೂ ಬರುತ್ತದೆ. ಬೆಂಗಳೂರಿನ ನಿಮ್ಮ ಮನೆ ಮೂರನೆಯ ಮಾಳಿಗೆಯಲ್ಲಿರಲಿ, ಕೆಳಗೆ ಕಾವಲುಗಾರನಿರಲಿ, ಅದೂ ಯಾರದೋ ಹಾದಿಯ ಮೇಲಿನ ಮನೆಯೇ. ಆಸ್ಪತ್ರೆಗೆಂದು ಬಂದ ಊರಿನವರು, ಪರೀಕ್ಷೆಗೆಂದು ಬಂದ ಹುಡುಗ, ರೈಲು ತಪ್ಪಿಸಿಕೊಂಡ ದೂರದ ನೆಂಟ, ರಾತ್ರಿ ಹತ್ತಕ್ಕೆ ಒಬ್ಬರು ಫೋನು ಮಾಡುತ್ತಾರೆ. ಅವತ್ತು ‘ಮೊದಲೇ ಹೇಳಬಾರದಿತ್ತೇ?’ ಎನ್ನಬೇಡಿ. ಮೊದಲೇ ಗೊತ್ತಿದ್ದರೆ ಅವರೂ ಹೇಳುತ್ತಿದ್ದರು. ಒಂದು ಹಾಸಿಗೆ, ಎರಡು ಹೊದಿಕೆ ಹೆಚ್ಚಿಗೆ ಇಟ್ಟುಕೊಳ್ಳಿ, ಕಾವಲುಗಾರನಿಗೆ ಹೇಳಿಟ್ಟಿರಿ. ಮುಂದಿನ ಪಂಚಮಿಗೆ ಬರುವಾಗ ದಾರಿಯ ಮೇಲಿನ ನಾಲ್ಕು ಮನೆಗಳ ನಂಬರು ಬರೆದುಕೊಂಡೇ ಬನ್ನಿ. ನಿಮ್ಮ ನಂಬರೂ ಅವರ ಬಳಿ ಇರಲಿ.